ಇನ್ನೂರ ಹದಿನೈದನೆಯ ಸಾಲು

ದಾಖಲೆಯಕ್ಕನಿಗೆ ನೌಕರಿ ಸಿಕ್ಕಿದ್ದು ಕೈಬರಹದಿಂದ, ಗಂಡ ಸಿಕ್ಕಿದ್ದೂ ಕೈಬರಹದಿಂದಲೇ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವಳು ಪುರಸಭೆಗೆ ಬರೆದ ಅರ್ಜಿಯನ್ನು ನೋಡಿದ ಹೆಡ್‌ಗುಮಾಸ್ತ, ಇಂಥ ಅಕ್ಷರದವಳಿಗೆ ಪರೀಕ್ಷೆ ಬೇರೆ ಕೇಡು ಎಂದು ಹೇಳಿ ನಕಲು ಬರೆಯುವ ಕೆಲಸಕ್ಕೆ ಕೂರಿಸಿದ. ಅದೇ ವರ್ಷ ಆಸ್ಪತ್ರೆಯ ಕಾಂಪೌಂಡರ್ ಒಬ್ಬ ತನ್ನ ಜನನ ಪತ್ರಕ್ಕೆಂದು ಬಂದ. ಮರುದಿನ ಮತ್ತೆ ಬಂದು ಅದರಲ್ಲಿ ಇಲ್ಲದ ತಪ್ಪು ತೋರಿಸಿ ಇನ್ನೊಂದು ಬರೆಸಿಕೊಂಡ. ನಾಲ್ಕನೆಯ ಪತ್ರ ಬರೆಸಿಕೊಂಡ ಮೇಲೆ ಮದುವೆಯ ಮಾತೆತ್ತಿದ. ಆ ನಾಲ್ಕೂ ಪತ್ರಗಳು ಈಗಲೂ ಅವರ ಮನೆಯ ಬೀರುವಿನಲ್ಲಿವೆ. ನಾಲ್ಕರಲ್ಲೂ ಒಂದೇ ಒಂದು ಅಕ್ಷರವೂ ಮೇಲೆ ಕೆಳಗೆ ಆಗಿಲ್ಲ.

ಹಾಗೆ ಕೂತವಳು ಮೂವತ್ತಾರು ವರ್ಷ ಅದೇ ಕೋಣೆಯಲ್ಲಿ ಕೂತಳು. ಕಚೇರಿಯ ಹಿಂಭಾಗದಲ್ಲಿರುವ ಆ ಕೋಣೆಗೆ ಒಂದೇ ಕಿಟಕಿ, ಅದೂ ಆಳೆತ್ತರದಲ್ಲಿ. ಕಬ್ಬಿಣದ ರ‍್ಯಾಕುಗಳು, ಬಟ್ಟೆಯಲ್ಲಿ ಸುತ್ತಿದ ಕಟ್ಟುಗಳು, ನುಸಿಗುಳಿಗೆಯ ವಾಸನೆ. ಊರಿನಲ್ಲಿ ಹುಟ್ಟಿದವರು, ಸತ್ತವರು, ಮನೆ ಕಟ್ಟಿದವರು, ನಲ್ಲಿ ಹಾಕಿಸಿಕೊಂಡವರು ಎಲ್ಲರೂ ಅಲ್ಲಿದ್ದಾರೆ. ರಿಜಿಸ್ಟರಿನಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ ಎನ್ನುವುದು ಅವಳ ನ್ಯಾಯ. ಬದುಕಿರುವವರ ತಪ್ಪುಗಳನ್ನು ಎಷ್ಟೋ ಸಲ ಕಂಡೂ ಕಾಣದಂತೆ ಇರುತ್ತಿದ್ದ ಹೆಂಗಸು, ಸತ್ತವರ ವಿಷಯದಲ್ಲಿ ಮಾತ್ರ ಕೂದಲೆಳೆಯಷ್ಟೂ ಜಗ್ಗುತ್ತಿರಲಿಲ್ಲ. ಮುದುಕಿಯೊಬ್ಬಳು ತನ್ನ ಗಂಡನ ಮರಣಪತ್ರ ಬೇಕೆಂದು ಒಂದೇ ವರ್ಷದಲ್ಲಿ ಮೂರು ಸಲ ಬಂದಿದ್ದಳು. ಮೂರು ಸಲವೂ ದಾಖಲೆಯಕ್ಕ ರಿಜಿಸ್ಟರು ತೆಗೆದು, ಸಾಲು ಸಾಲಿನ ಮೇಲೂ ಬೆರಳಿಟ್ಟು ತೋರಿಸಿ, ಇಲ್ಲವಲ್ಲ ಅಜ್ಜಿ ಎಂದು ಕಳಿಸಿದ್ದಳು. ನಾಲ್ಕನೆಯ ಸಲ ಅವಳು ಬರಲಿಲ್ಲ.

ಕಿಟಕಿಯ ಕೆಳಗೆ ಬೈಂಡರ್ ಕೂರುತ್ತಿದ್ದ. ಅವನು ದಿನಗೂಲಿಯವನು. ಅರವತ್ತನಾಲ್ಕಾದರೂ ಅವನನ್ನು ಬಿಡಿಸುವ ಕಾಗದ ಯಾರೂ ಬರೆದಿರಲಿಲ್ಲ, ಯಾಕೆಂದರೆ ಸೇರಿಸಿಕೊಂಡ ಕಾಗದವೇ ಇರಲಿಲ್ಲ. ದಬ್ಬಳ, ದಾರ, ಅಂಟಿನ ಡಬ್ಬಿ ಹರವಿಕೊಂಡು ಹರಿದ ಪುಸ್ತಕಗಳನ್ನು ಹೊಲಿಯುತ್ತಿದ್ದ. ಅವಳಿಗಿಂತ ಆರು ವರ್ಷ ದೊಡ್ಡವನಾದರೂ ಅವಳನ್ನು ಅಕ್ಕಾ ಎನ್ನುತ್ತಿದ್ದ, ಅವಳು ಅವನನ್ನು ಅಣ್ಣಾ ಎನ್ನುತ್ತಿದ್ದಳು. ಯಾರು ದೊಡ್ಡವರೆಂದು ತೀರ್ಮಾನಿಸಲು ಇಬ್ಬರೂ ಜನನ ರಿಜಿಸ್ಟರು ತೆಗೆಯಬೇಕೆಂದು ಕಚೇರಿಯವರು ತಮಾಷೆ ಮಾಡುತ್ತಿದ್ದರು. ಇಪ್ಪತ್ತೆಂಟು ವರ್ಷ ಒಂದೇ ಕೋಣೆಯ ಧೂಳು ಕುಡಿದವರಿಗೆ ಅಂಥ ಲೆಕ್ಕ ಇರುವುದಿಲ್ಲ.

ಬೈಂಡರ್ ಒಂದು ಪುಸ್ತಕ ಕೈಗೆ ಬಂದರೆ ಮೊದಲು ಎಲ್ಲ ಹಾಳೆಗಳನ್ನೂ ಒಂದೊಂದಾಗಿ ತಿರುವಿ ನೋಡುತ್ತಿದ್ದ, ಆಮೇಲೆ ಸೂಜಿ. ಯಾಕೆ ಎನ್ನುವುದು ಅವಳಿಗೆ ಗೊತ್ತಿತ್ತು. ಅವನು ಹುಡುಕುತ್ತಿದ್ದುದು ತನ್ನ ಅಪ್ಪನ ಸಹಿಯನ್ನು. ಅದಕ್ಕಾಗಿಯೇ ಅವನು ಈ ಕೆಲಸಕ್ಕೆ ಬಂದದ್ದು.

ಕಥೆ ಅರವತ್ತು ವರ್ಷ ಹಿಂದಿನದು. ಊರಿನ ಗಿರಣಿಯಲ್ಲಿ ಮುಷ್ಕರವಾಯಿತು. ಅದರ ಮುಂದಾಳು ಒಬ್ಬ ಮೇಷ್ಟ್ರು, ಕಾರ್ಮಿಕರಿಗೆ ಸಂಜೆ ಶಾಲೆ ನಡೆಸುತ್ತಿದ್ದವರು. ಎಂಟನೆಯ ತಾರೀಖು ಗಿರಣಿಯ ಗೇಟಿನಲ್ಲಿ ಗೋಲಿಬಾರು ಆಯಿತು. ಮೇಷ್ಟ್ರನ್ನೂ ಒಬ್ಬ ಮಗ್ಗದ ಫಿಟ್ಟರನ್ನೂ ಪೊಲೀಸರು ಹಿಡಿದೊಯ್ದರು. ಹನ್ನೊಂದನೆಯ ತಾರೀಖು, ಹಿಡಿದ ಇಬ್ಬರಲ್ಲಿ ಯಾರೋ ಒಬ್ಬರು ಹೇಳಿಕೆ ಕೊಟ್ಟು ಹತ್ತೊಂಬತ್ತು ಜನರ ಹೆಸರು ಹೇಳಿದರು. ಆ ಹತ್ತೊಂಬತ್ತು ಜನರೂ ಜೈಲಿಗೆ ಹೋದರು. ಕೆಲವರು ಕೆಮ್ಮುತ್ತಾ ಹಿಂದಿರುಗಿದರು, ಕೆಲವರು ಹಿಂದಿರುಗಲಿಲ್ಲ. ಮೇಷ್ಟ್ರು ಹೆಣವಾಗಿ ಹೊರಬಂದರು. ಫಿಟ್ಟರ್ ಜೀವಂತ ಹೊರಬಂದ.

ಹೇಳಿಕೆಯ ಕೊನೆಯಲ್ಲಿ ಹೆಸರಿದ್ದ ಮೂಲೆಯನ್ನು ಗೆದ್ದಲು ತಿಂದಿತ್ತು. ಉಳಿದದ್ದು ಒಂದು ಹೆಬ್ಬೆಟ್ಟಿನ ಗುರುತು, ಅದೂ ಮಸಿಯ ಮುದ್ದೆ. ಮೂವತ್ತು ವರ್ಷ ಯಾರು ಎನ್ನುವುದು ಪಿಸುಮಾತಾಗಿಯೇ ಇತ್ತು. ಆಮೇಲೆ ಒಬ್ಬ ಪ್ರೊಫೆಸರು ಮೇಷ್ಟ್ರ ಜೀವನಚರಿತ್ರೆ ಬರೆದರು. ಪುರಸಭೆಯ ಶವಸಂಸ್ಕಾರದ ರಿಜಿಸ್ಟರಿನ ಪ್ರಕಾರ ಮೇಷ್ಟ್ರು ಸತ್ತದ್ದು ಒಂಬತ್ತನೆಯ ತಾರೀಖು. ಸತ್ತವರು ಹನ್ನೊಂದಕ್ಕೆ ಹೇಳಿಕೆ ಕೊಡುವುದಿಲ್ಲ. ಮೇಲಾಗಿ ಮೇಷ್ಟ್ರು ಹೆಬ್ಬೆಟ್ಟು ಒತ್ತುವವರೇ? ಹಾಗಾಗಿ ಹೆಸರು ಹೇಳಿದವನು ಫಿಟ್ಟರ್ ಎಂದು ಪ್ರೊಫೆಸರು ಎರಡು ಪುಟಗಳಲ್ಲಿ ಮುಗಿಸಿದ್ದರು. ಫಿಟ್ಟರನಿಗೆ ಸಹಿ ಹಾಕಲು ಬರುತ್ತಿತ್ತೆಂದು ಮನೆಯವರು ಹೇಳುತ್ತಾರೆ, ಆಧಾರ ಸಿಕ್ಕಿಲ್ಲ ಎಂದು ಅಡಿಯಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು. ದೊಡ್ಡವರ ಪುಸ್ತಕಗಳಲ್ಲಿ ಬಡವರಿಗೆ ಅಷ್ಟೇ ಜಾಗ.

ಪುಸ್ತಕ ಬಂದು ಒಂದು ವರ್ಷಕ್ಕೆ ಫಿಟ್ಟರ್ ಸತ್ತ. ಹೊರಲು ನಾಲ್ಕು ಜನ ಸಿಗುವುದೇ ಕಷ್ಟವಾಯಿತು. ಅವನ ಮಗನೇ ಈ ಬೈಂಡರ್. ಅಪ್ಪನೂ ಅಲ್ಲಿ ಒಂದು ಹೇಳಿಕೆ ಕೊಟ್ಟಿದ್ದ, ನನಗೇನೂ ಗೊತ್ತಿಲ್ಲ ಎಂದು ಬರೆಸಿ ಕೆಳಗೆ ಸಹಿ ಹಾಕಿದ್ದ ಎನ್ನುವುದನ್ನು ಅಪ್ಪನ ಬಾಯಿಂದಲೇ ಕೇಳಿದ್ದ. ಸಂಜೆ ಶಾಲೆಯಲ್ಲಿ ಮೇಷ್ಟ್ರೇ ಕಲಿಸಿದ ಸಹಿ, ಕೆಳಗೆ ಒಂದು ಅಡ್ಡಗೆರೆ. ಆ ಕಾಗದ ಯಾವುದೋ ಕಟ್ಟಿನಲ್ಲಿ ಸೇರಿಹೋಗಿರಬಹುದು ಎಂಬ ಆಸೆಯಿಂದ ಇಪ್ಪತ್ತೆಂಟು ವರ್ಷ ಊರಿನ ಕಾಗದವನ್ನೆಲ್ಲ ತಿರುವಿದ್ದ.

ಈ ಸಲ ಅರವತ್ತನೆಯ ವರ್ಷ. ವೃತ್ತದಲ್ಲಿ ಮೇಷ್ಟ್ರ ಹೆಸರಿನ ಕಲ್ಲು ನಿಲ್ಲಿಸಬೇಕೆಂದು ಪುರಸಭೆಯವರು ಸಮಿತಿ ಮಾಡಿದರು. ಕಲ್ಲು ಬಂತು, ಕೆತ್ತುವವನೂ ಬಂದ. ಅಷ್ಟರಲ್ಲಿ ಬೇರೆ ಊರಿನಲ್ಲಿದ್ದ ಮೇಷ್ಟ್ರ ಮಗಳಿಂದ ಒಂದು ಪತ್ರ. ಅಪ್ಪ ಒಂಬತ್ತಕ್ಕೆ ಸತ್ತಿಲ್ಲ, ಹತ್ತನೆಯ ತಾರೀಖು ಅಮ್ಮ ಆಸ್ಪತ್ರೆಯ ಬಾಗಿಲಿನಿಂದ ಅವರನ್ನು ನೋಡಿದ್ದಳು, ಎರಡೂ ಕೈಗೆ ಮೊಣಕೈವರೆಗೆ ಪಟ್ಟಿ ಸುತ್ತಿತ್ತಂತೆ ಎಂದು ಬರೆದಿದ್ದಳು. ಅಧ್ಯಕ್ಷರಿಗೆ ತಲೆ ಕೆಟ್ಟಿತು. ಮುದುಕಿಯ ಮಾತು ಬಿಡಿ ಎಂದರು ಒಬ್ಬರು. ಕಲ್ಲು ಕೆತ್ತಿದ ಮೇಲೆ ಅಳಿಸುವುದು ಹೇಗೆ ಎಂದರು ಇನ್ನೊಬ್ಬರು. ಕೊನೆಗೆ ಯಾವ ತಾರೀಖು ಸರಿ ಎಂದು ದಾಖಲೆಯಕ್ಕ ಒಂದು ಟಿಪ್ಪಣಿ ಬರೆದುಕೊಡಲಿ ಎಂದಾಯಿತು. ಅವಳ ನಿವೃತ್ತಿಗೆ ಐದು ವಾರ ಉಳಿದಿತ್ತು. ಹೋಗುವ ಮುನ್ನ ಒಂದು ದೊಡ್ಡ ಕೆಲಸ ಎಂದು ಅವಳಿಗೆ ಒಳಗೊಳಗೇ ಹಿಗ್ಗು.

ಅವಳು ಕೆಲಸ ಶುರುಮಾಡಿದ ರೀತಿಯಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಒಂಬತ್ತು ಎನ್ನುವ ಆಧಾರಗಳನ್ನು ಒಂದು ಕಡೆ ಬರೆದಳು: ಪ್ರೊಫೆಸರರ ಪುಸ್ತಕ, ಶಾಲೆಯ ಸ್ಮರಣ ಸಂಚಿಕೆ, ರಸ್ತೆಗೆ ಹೆಸರಿಟ್ಟಾಗಿನ ಠರಾವು. ಮೂರನ್ನೂ ಕೂತು ಓದಿದಾಗ ಠರಾವು ಸಂಚಿಕೆಯಿಂದ, ಸಂಚಿಕೆ ಪುಸ್ತಕದಿಂದ, ಪುಸ್ತಕ ರಿಜಿಸ್ಟರಿನಿಂದ ಎತ್ತಿಕೊಂಡದ್ದು ಕಂಡಿತು. ಅಲ್ಲಿಗೆ ಮೂರಲ್ಲ, ಒಂದೇ ಸಾಕ್ಷಿ. ಇನ್ನೊಂದು ಕಡೆ ಮಗಳ ಪತ್ರ. ಅದರ ಜೊತೆಗೆ ಗಂಡನ ಹಳೆಯ ಪರಿಚಯದಿಂದ ಆಸ್ಪತ್ರೆಯ ಅಟ್ಟದಲ್ಲಿ ಸಿಕ್ಕಿದ ಹಾಲಿನ ಪಟ್ಟಿ. ಹತ್ತು ಮತ್ತು ಹನ್ನೊಂದನೆಯ ತಾರೀಖು ಏಳನೆಯ ಮಂಚದ, ಪೊಲೀಸ್ ಕಾವಲಿನ ರೋಗಿಗೆ ಅರ್ಧರ್ಧ ಲೋಟ ಹಾಲು, ಚಮಚದಲ್ಲಿ ಕುಡಿಸಬೇಕು ಎಂಬ ಸೂಚನೆ. ಹನ್ನೆರಡರಿಂದ ಆ ಸಾಲು ಖಾಲಿ. ಹೆಸರಿರಲಿಲ್ಲ. ಅದನ್ನು ಓದಿ ಅವಳ ಮನಸ್ಸಿಗೆ ಕಸಿವಿಸಿಯಾಯಿತು. ಆದರೂ ಹಾಲಿನ ಪಟ್ಟಿಗಿಂತ ರಿಜಿಸ್ಟರು ದೊಡ್ಡದು. ಒಂಬತ್ತೇ ಸರಿ ಎಂದು ಬರೆಯಲು ಹೊರಟಳು.

ಬರೆಯುವ ಮುನ್ನ ಇನ್ನೊಂದು ನೋಡಿಬಿಡೋಣ ಎಂದು ಸ್ಮಶಾನದ ಕಾವಲುಗಾರನ ಗುಂಡಿಚೀಟಿಗಳನ್ನು ತೆಗೆಸಿದಳು. ಗುಂಡಿ ತೋಡುವವನಿಗೆ ಕಚೇರಿಯಿಂದ ಕೊಡುತ್ತಿದ್ದ ಸಣ್ಣ ಚೀಟಿಗಳು ಅವು. ತಂತಿಗೆ ಪೋಣಿಸಿ ಚೀಲದಲ್ಲಿ ತುಂಬಿದ್ದರು. ಚೀಟಿಯಲ್ಲಿ ತಾರೀಖು ಇರುವುದಿಲ್ಲ, ಸತ್ತವರ ಹೆಸರು ಮತ್ತು ರಿಜಿಸ್ಟರಿನ ಕ್ರಮಸಂಖ್ಯೆ ಮಾತ್ರ. ಮೇಷ್ಟ್ರ ಚೀಟಿ ಸಿಕ್ಕಿತು. ಸಂಖ್ಯೆ ಇನ್ನೂರ ಮೂವತ್ತೆರಡು.

ರಿಜಿಸ್ಟರಿನಲ್ಲಿ ಮೇಷ್ಟ್ರು ಇದ್ದದ್ದು ಇನ್ನೂರ ಹದಿನೈದನೆಯ ಸಾಲಿನಲ್ಲಿ. ಅಕ್ಷರ ದುಂಡಗೆ, ಮುತ್ತು ಪೋಣಿಸಿದ ಹಾಗೆ. ಅವಳದೇ ಅಕ್ಷರ.

ಮೂಲ ರಿಜಿಸ್ಟರು ಜೀರ್ಣವಾಗಿತ್ತು ಎಂದು ಅದನ್ನು ನಕಲು ಮಾಡುವ ಕೆಲಸವನ್ನು ಅವಳಿಗೆ ಕೊಟ್ಟದ್ದು ನೌಕರಿಗೆ ಸೇರಿದ ಮೊದಲ ತಿಂಗಳು. ಹಳೆಯ ಗುಮಾಸ್ತರು ತಾರೀಖಿನ ಕಾಲಮ್ಮಿನಲ್ಲಿ ಒಂದು ಸಲ ತಾರೀಖು ಬರೆದು, ಕೆಳಗಿನ ಸಾಲುಗಳಿಗೆಲ್ಲ ‘ಸದರಿ’, ಅಂದರೆ ಮೇಲಿನದೇ, ಎಂದು ಎಳೆದುಬಿಡುತ್ತಿದ್ದರು. ನಕಲಿನಲ್ಲಿ ಸದರಿ ಇರಕೂಡದು, ಪ್ರತಿ ಸಾಲಿಗೂ ಪೂರ್ತಿ ತಾರೀಖು ಬರೆಯಬೇಕು ಎಂದು ಹೆಡ್‌ಗುಮಾಸ್ತನ ಆಜ್ಞೆ. ಅವಳು ಹಾಗೇ ಬರೆದಳು. ಒಂದು ಕಡೆ ತಿರುವಿದ ಹಾಳೆ ಸ್ವಲ್ಪ ದಪ್ಪ ಅನ್ನಿಸಿದ್ದು ಈಗ ನೆನಪಾಯಿತು. ನೀರು ಕುಡಿದು ಎರಡು ಹಾಳೆ ಅಂಟಿಕೊಂಡಿದ್ದವು. ಅವನ್ನು ಒಂದೇ ಎಂದು ತಿರುವಿದ್ದಳು. ಹಿಂದಿನ ಪುಟದ ಕೊನೆಯ ಸಾಲು ಇನ್ನೂರ ಹದಿನಾಲ್ಕು, ತಾರೀಖು ಒಂಬತ್ತು. ಹೊಸ ಪುಟದ ಮೊದಲ ಸಾಲಿನಲ್ಲಿ ಮೇಷ್ಟ್ರ ಹೆಸರು, ತಾರೀಖಿನ ಜಾಗದಲ್ಲಿ ಸದರಿ. ಅವಳು ಒಂಬತ್ತು ಎಂದು ಬರೆದಳು.

ಅದಾದರೂ ಕಣ್ತಪ್ಪು. ಆದರೆ ಆ ಸಾಲಿನ ಸಂಖ್ಯೆ ಇನ್ನೂರ ಮೂವತ್ತೆರಡು ಎಂದಿದ್ದದ್ದೂ ಅವಳಿಗೆ ಕಂಡಿತ್ತು. ಹಳೆಯ ಗುಮಾಸ್ತನಿಗೆ ಎಣಿಸಲು ಬರುತ್ತಿರಲಿಲ್ಲ ಎಂದು ಮನಸ್ಸಿನಲ್ಲೇ ನಕ್ಕು, ಅದನ್ನು ಇನ್ನೂರ ಹದಿನೈದು ಮಾಡಿ, ಆ ವರ್ಷದ ಕೊನೆಯವರೆಗೂ ಪ್ರತಿ ಸಾಲಿನಿಂದಲೂ ಹದಿನೇಳು ಕಳೆಯುತ್ತಾ ಹೋಗಿದ್ದಳು. ಇಪ್ಪತ್ತೆರಡು ವರ್ಷದ ಹುಡುಗಿಯ ಜಂಬ ಅದು. ಹದಿನೇಳು ಹೆಣಗಳನ್ನು ಅಚ್ಚುಕಟ್ಟಾಗಿ ಊರಿನ ಲೆಕ್ಕದಿಂದ ತೆಗೆದುಹಾಕಿದ್ದಳು. ಮೂರು ಸಲ ಬಂದ ಮುದುಕಿ ಆಗ ನೆನಪಾದಳು.

ಕಿಟಕಿಯ ಕೆಳಗೆ ಬೈಂಡರ್ ಯಾವುದೋ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ತಿರುವುತ್ತಿದ್ದ. ಅವಳು ಆ ದಿನ ಅವನ ಮುಖ ನೋಡದೆ ಮನೆಗೆ ಹೋದಳು.

ಗಂಡನಿಗೆ ಎಲ್ಲ ಹೇಳಿದಳು. ಅವನು ಕೆಟ್ಟವನಲ್ಲ, ಹೆಂಡತಿಯನ್ನು ಕಂಡರೆ ಜೀವ. ಮೂಲ ರಿಜಿಸ್ಟರು ಎಲ್ಲಿದೆ ಎಂದು ಕೇಳಿದ. ರದ್ದಿಯಾಯಿತು, ಆದರೆ ಹಾಳೆಗಳು ಎಲ್ಲಿವೆ ಎಂದು ನನಗೆ ಗೊತ್ತು ಎಂದಳು. ಆಗಿನ ಬೈಂಡರು ಹೊದಿಕೆಯ ಅಟ್ಟೆ ದಪ್ಪ ಬರಲೆಂದು ಹಳೆಯ ರಿಜಿಸ್ಟರಿನ ಹಾಳೆಗಳನ್ನೇ ಹೊಸ ರಿಜಿಸ್ಟರಿನ ಅಟ್ಟೆಯೊಳಗೆ ಅಂಟಿಸುತ್ತಿದ್ದ. ಅವಳ ಕಣ್ಣೆದುರೇ ಅಂಟಿಸಿದ್ದ. ಗಂಡ ಎದ್ದು ಬಾಗಿಲು ಹಾಕಿ ಬಂದ.

“ಅಟ್ಟೆ ಬಿಚ್ಚದಿದ್ರೆ ಯಾರಿಗೂ ಗೊತ್ತಾಗಲ್ಲ. ಪ್ರೊಫೆಸರ್ ಹೋದ್ರು, ಫಿಟ್ಟರ್ ಹೋದ. ಐದು ವಾರ ಬಾಯಿ ಮುಚ್ಕೊಂಡಿರು. ಈಗ ಹೇಳಿ ಯಾರನ್ನ ಬದುಕಿಸ್ತೀಯ?”

ಅವನ ಮಾತು ತಪ್ಪೆಂದು ಅವಳಿಗೂ ಅನ್ನಿಸಲಿಲ್ಲ, ಅದೇ ಅವಳಿಗೆ ಹೆದರಿಕೆ ಹುಟ್ಟಿಸಿದ್ದು. ಮೂರು ದಿನ ಕಚೇರಿಗೆ ಹೋಗಿ ಬಂದಳು. ಮೂರು ದಿನವೂ ಬೈಂಡರ್ ಎಂದಿನಂತೆ, ಟಿಪ್ಪಣಿ ಎಲ್ಲಿಗೆ ಬಂತಕ್ಕಾ ಎಂದು ಕೇಳಿದ. ಕೇಳುವಾಗ ಕೈಯಲ್ಲಿದ್ದ ಹಾಳೆಯಿಂದ ಕಣ್ಣೆತ್ತುತ್ತಿರಲಿಲ್ಲ. ಅವನು ಹುಡುಕುತ್ತಿದ್ದ ಉತ್ತರ ಅವನ ಬೆನ್ನ ಹಿಂದಿನ ರ‍್ಯಾಕಿನಲ್ಲಿ, ಕೈಗೆಟುಕುವ ದೂರದಲ್ಲಿ, ಇಪ್ಪತ್ತೆಂಟು ವರ್ಷದಿಂದ ಇತ್ತು. ಆ ಪುಸ್ತಕದ ಹೊಲಿಗೆ ಗಟ್ಟಿಯಿದ್ದುದರಿಂದ ಅದು ಅವನ ಕೈಗೆ ಬಂದೇ ಇರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಅವಳು ರಿಜಿಸ್ಟರನ್ನು ತಂದು ಅವನ ಮುಂದಿಟ್ಟಳು.

“ಅಣ್ಣಾ, ಇದರ ಅಟ್ಟೆ ಬಿಚ್ಚಬೇಕು.”

“ಗಟ್ಟಿಯಾಗೇ ಇದೆಯಲ್ಲ ಅಕ್ಕಾ.”

“ಒಳಗೆ ಹಾಳೆಗಳಿವೆ. ನಾನು ಬರೆಯದೆ ಬಿಟ್ಟವು.”

ಅವನು ಒದ್ದೆ ಬಟ್ಟೆ ಹಾಸಿ, ಅಟ್ಟೆ ನೆನೆಯುವುದನ್ನು ಕಾಯುತ್ತಾ ಕೂತ. ಆ ಅರ್ಧ ಗಂಟೆಯಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಅಂಟಿದ ಹಾಳೆ, ಸದರಿ, ಚೀಟಿಯ ಸಂಖ್ಯೆ, ಒಂದೂ ಬಿಡಲಿಲ್ಲ. ಅವನು ಅವಳ ಕಡೆ ನೋಡಲಿಲ್ಲ. ಅಟ್ಟೆ ಮೆತ್ತಗಾದಾಗ ತೆಳುವಾದ ಚಾಕುವಿನಿಂದ ಪದರ ಪದರವಾಗಿ ಎಬ್ಬಿಸಿದ. ನಾಲ್ಕನೆಯ ಪದರ ದಪ್ಪಗಿತ್ತು. ಅದರ ನಡುವೆ ಚಾಕು ಆಡಿಸಿ, ಉಸಿರು ಬಿಗಿಹಿಡಿದು ಬಿಡಿಸಿದ. ಅರವತ್ತು ವರ್ಷ ಬೆಳಕು ಕಾಣದ ಎರಡು ಪುಟಗಳು ತೆರೆದುಕೊಂಡವು. ಇನ್ನೂರ ಹದಿನೈದರಿಂದ ಇನ್ನೂರ ಮೂವತ್ತೊಂದು. ಹತ್ತು, ಹನ್ನೊಂದು, ಕೊನೆಯ ನಾಲ್ಕು ಸಾಲು ಹನ್ನೆರಡನೆಯ ತಾರೀಖಿನವು. ಮಗುಚಿದರೆ ಹಿಂಬದಿಯಲ್ಲಿ, ಇನ್ನೂರ ಮೂವತ್ತೆರಡು, ಮೇಷ್ಟ್ರು, ಸದರಿ.

ಬೈಂಡರ್ ಎರಡು ಸಲ ಓದಿದ. ಆಮೇಲೆ ಕೇಳಿದ.

“ನಂಬರು ಹಾರಿದ್ದು ಆವತ್ತೇ ಕಂಡಿತ್ತಾ ನಿಮಗೆ?”

“ಕಂಡಿತ್ತು. ಹಳೇ ಗುಮಾಸ್ತನ ತಪ್ಪು ಅಂದ್ಕೊಂಡೆ. ಸರಿ ಮಾಡಿದೆ.”

“ಸರಿ ಮಾಡಿದ್ರಿ,” ಎಂದ ಅವನು.

ಬೈದಿದ್ದರೆ ಅವಳಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಅವನು ಬೈಯಲಿಲ್ಲ. ಚಾಕು ಒರೆಸಿಟ್ಟು, ಬಟ್ಟೆ ಹಿಂಡಿ ಒಣಹಾಕಿದ. ಮೇಷ್ಟ್ರ ಮಗಳು ಬರೆದ, ಪಟ್ಟಿ ಸುತ್ತಿದ ಕೈಗಳ ವಿಷಯ ಅವನಿಗೂ ಗೊತ್ತಿತ್ತು. ಪೆನ್ನು ಹಿಡಿಯಲಾರದ ಕೈಯಿಂದ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ ಎಂದು ತಾನೇ ಹೇಳಿದ. ನಮ್ಮಪ್ಪನಿಗೆ ಅಕ್ಷರ ತಿದ್ದಿಸಿದ ಕೈ, ಪಾಪ ಎಂದ. ಅಪ್ಪ ಕೊನೆಯವರೆಗೂ ನಾನಲ್ಲ ಎಂದಷ್ಟೇ ಹೇಳಿದನಂತೆ. ಹಾಗಾದರೆ ಯಾರು ಎಂದು ಕೇಳಿದರೆ ಗೋಡೆಯ ಕಡೆ ತಿರುಗಿಬಿಡುತ್ತಿದ್ದನಂತೆ.

ಅವಳು ಅಂದೇ ಟಿಪ್ಪಣಿ ಬರೆದಳು. ಯಾವ ಆಧಾರ ಯಾವುದರಿಂದ ಹುಟ್ಟಿತು, ಯಾವುದು ಎಷ್ಟು ನಂಬಿಕೆಗೆ ಅರ್ಹ, ತಪ್ಪು ಎಲ್ಲಿ ಆಯಿತು, ಯಾರಿಂದ ಆಯಿತು. ಕೊನೆಯ ಸಾಲಿನಲ್ಲಿ ತನ್ನ ಪೂರ್ಣ ಹೆಸರು ಹಾಕಿದಳು. ಅಧ್ಯಕ್ಷರು ಅದನ್ನು ಓದಿ, ಈ ವಯಸ್ಸಿನಲ್ಲಿ ನಿಮಗಿದೆಲ್ಲ ಬೇಕಿತ್ತಾ ಎಂದು ಫೈಲಿಗೆ ಸೇರಿಸಿ, ಕಲ್ಲಿನ ಮೇಲೆ ತಾರೀಖೇ ಬೇಡವೆಂದು ವರ್ಷ ಮಾತ್ರ ಕೆತ್ತಿಸಿದರು. ಆದರೆ ಅದು ಆಮೇಲಿನ ಮಾತು. ಟಿಪ್ಪಣಿ ಅವರಿಗೆ ಕೊಡುವ ಮೊದಲು ಬೈಂಡರ್ ಒಂದು ಮಾತು ಕೇಳಿಕೊಂಡ. ತನಗೆ ಹೇಳಿದ್ದು ಸಾಕು, ಇದನ್ನು ತನ್ನ ಒಡಹುಟ್ಟಿದ ಅಕ್ಕನಿಗೆ ಹೇಳಬೇಕು, ಹೇಳಬೇಕಾದವರು ನೀವೇ ಎಂದ.

ಸಂಜೆ ಕಚೇರಿ ಮುಗಿದ ಮೇಲೆ ಇಬ್ಬರೂ ನಡೆದುಕೊಂಡು ಹೋದರು. ಗಿರಣಿಯ ಹಿಂದಿನ ಸಾಲುಮನೆಗಳಲ್ಲಿ ಕೊನೆಯದು. ಒಂದು ಕೋಣೆ, ಅದರ ಹಿಂದೆ ಅಡುಗೆಗೆ ಒಂದು ಮೂಲೆ. ಅಕ್ಕನಿಗೆ ಅರವತ್ತೇಳು. ಅವಳ ಗಂಡನ ಅಣ್ಣ ಆ ಹತ್ತೊಂಬತ್ತು ಜನರಲ್ಲಿ ಒಬ್ಬ, ಜೈಲಿನಿಂದ ಬಂದು ವರ್ಷಗಟ್ಟಲೆ ಕೆಮ್ಮಿ ಸತ್ತವನು. ಪುಸ್ತಕ ಬಂದ ವಾರ ಗಂಡನ ಮನೆಯವರು ಅವಳ ಪೆಟ್ಟಿಗೆಯನ್ನು ಬೀದಿಗಿಟ್ಟಿದ್ದರು. ಬೇರೆ ದಿಕ್ಕಿಲ್ಲದೆ ಅಪ್ಪನ ಮನೆಗೆ ಬಂದಿದ್ದಳು. ಗೋಡೆಗೆ ತಾಗಿದಂತೆ ಒಂದು ಮರದ ಬೆಂಚು. ಅದರ ಮೇಲೆ ತಲೆಯ ಎತ್ತರದಲ್ಲಿ ಗೋಡೆಯ ಮೇಲೊಂದು ಎಣ್ಣೆಕಲೆ. ಅಪ್ಪ ಹಣೆ ಆನಿಸಿ ಕೂರುತ್ತಿದ್ದ ಜಾಗ, ಎಷ್ಟು ಸಲ ಸುಣ್ಣ ಹೊಡೆದರೂ ಮೇಲೇಳುತ್ತದೆ ಎಂದು ಬೈಂಡರ್ ಹಿಂದೊಮ್ಮೆ ಹೇಳಿದ್ದ.

ದಾಖಲೆಯಕ್ಕ ನಿಂತೇ ಟಿಪ್ಪಣಿಯನ್ನು ಓದಿದಳು. ಬೈಂಡರನ ಮುಖದಲ್ಲಿ ಮೊದಲ ಸಲ ಏನೋ ಸಡಿಲವಾಗಿತ್ತು. ಅಪ್ಪ ಅಲ್ಲ ಅಕ್ಕಾ, ಅಪ್ಪ ಅಲ್ಲ ಎಂದು ಎರಡು ಸಲ ಹೇಳಿದ. ಅವನ ಅಕ್ಕ ಅಲುಗಾಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಇದ್ದಳು. ತಮ್ಮನ ಕಡೆ ನೋಡದೆ ಮಾತಾಡಿದಳು.

“ನೀನು ನಂಬಿರ್ಲಿಲ್ಲ. ನಾನು ನಂಬಿದ್ದೆ.”

ತಮ್ಮ ಬೆಂಚಿನ ತುದಿಗೆ ಕೂತ.

“ಪುಸ್ತಕದಲ್ಲಿ ಅಚ್ಚಾಗಿದೆ, ರಿಜಿಸ್ಟರಲ್ಲಿ ಬರೆದಿದೆ ಅಂದ್ರು. ಇನ್ನೇನು ಬೇಕು? ಒಂದು ವರ್ಷ ಇದೇ ಕೋಣೇಲಿದ್ವಿ. ತಟ್ಟೆ ಇಡ್ತಿದ್ದೆ, ಮಾತಾಡ್ತಿರ್ಲಿಲ್ಲ. ಕೊನೇ ದಿನ ನೀನು ಡಾಕ್ಟರನ್ನ ಕರೆಯೋಕೆ ಹೋಗಿದ್ದೆ. ನೀರು ಅಂದ. ಲೋಟ ತಂದು ಪಕ್ಕದಲ್ಲಿಟ್ಟೆ. ಕೈ ಎತ್ತೋಕಾಗ್ತಿರ್ಲಿಲ್ಲ ಅವನಿಗೆ, ನಂಗೊತ್ತಿತ್ತು. ಕುಡಿಸ್ಲಿಲ್ಲ.”

ಬೈಂಡರ್ ಎದ್ದು ಬಾಗಿಲ ಹೊರಗೆ ಹೋಗಿ, ಬೆನ್ನು ತಿರುಗಿಸಿ ನಿಂತ. ದಾಖಲೆಯಕ್ಕ ಕ್ಷಮಿಸಿ ಎನ್ನುವ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಈಗ ಅದನ್ನು ಆಡಲು ನಾಚಿಕೆಯಾಯಿತು. ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಳ್ಳಲು ಹೋದಳು.

“ಮಡಿಸ್ಬೇಡಿ,” ಎಂದಳು ಬೈಂಡರನ ಅಕ್ಕ. “ಆ ಬೆಂಚಿನ ಮೇಲೆ ಕೂತ್ಕೊಳಿ. ಗೋಡೆ ಕಡೆ ಮುಖ ಮಾಡಿ ಇನ್ನೊಂದ್ಸಲ ಓದಿ. ಸ್ವಲ್ಪ ಜೋರಾಗಿ.”

ದಾಖಲೆಯಕ್ಕ ಬೆಂಚಿನ ಮೇಲೆ ಗೋಡೆಗೆ ಮುಖಮಾಡಿ ಕೂತಳು. ಎಣ್ಣೆಕಲೆ ಅವಳ ಕಣ್ಣಿನ ನೇರಕ್ಕೆ ಬಂತು. ಮೊದಲಿನಿಂದ ಓದಿದಳು. ಇನ್ನೂರ ಹದಿನೈದನೆಯ ಸಾಲು ಎಂಬಲ್ಲಿಗೆ ಬಂದಾಗ ದನಿ ನಿಂತಿತು. ಹಿಂದಿನಿಂದ ಬೈಂಡರನ ಅಕ್ಕ, ಆ ಸಾಲು ಮತ್ತೆ ಓದಿ ಎಂದಳು. ಅವಳು ಮತ್ತೆ ಓದಿದಳು.